ಮೂರು ಸಲ ಜಿಮ್ ಬಿಟ್ಟವರು ಮತ್ತೆ ಶುರು ಮಾಡುವುದು ಹೇಗೆ?

ಪ್ರಶ್ನೆ: ನನಗೆ 44 ವರ್ಷ, ತೂಕ 78 ಕೆ.ಜಿ. ಮೈಸೂರಿನಲ್ಲಿದ್ದೇನೆ, ಕೂತು ಮಾಡುವ ಕೆಲಸ. ಐದು ವರ್ಷದಲ್ಲಿ ಮೂರು ಸಲ ಜಿಮ್ ಸೇರಿ ಮೂರು ಸಲವೂ ಬಿಟ್ಟಿದ್ದೇನೆ. ಕೊನೆಯ ಸಲ ಮೊದಲ ದಿನವೇ 200 ಬಸ್ಕಿ ಹೊಡೆಸಿದರು. ಒಂದು ವಾರ ಮೆಟ್ಟಿಲು ಇಳಿಯೋಕೂ ಆಗಲಿಲ್ಲ. ಜಿಮ್ಮೇ ಬೇಡ ಅಂತ ದಿನಾ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯಲು ಶುರು ಮಾಡಿದೆ. ಹತ್ತುವಾಗ ಏನೂ ಇಲ್ಲ. ಮೂರನೇ ವಾರಕ್ಕೆ ಇಳಿಯುವಾಗ ಮಂಡಿಯ ಮುಂಭಾಗ ನೋವು ಬಂತು. ಎರಡು ಗಂಟೆ ಸಿನಿಮಾ ನೋಡಿ ಎದ್ದರೂ ನೋಯುತ್ತದೆ. ಎರಡು ತಿಂಗಳಿಂದ ಎಲ್ಲ ನಿಲ್ಲಿಸಿದ್ದೇನೆ. ಹೆಂಡತಿಗೆ ಜಿಮ್ ಅಂದರೆ ಹೃದಯಾಘಾತದ ಭಯ. ನನಗೆ ಸಿಕ್ಸ್ ಪ್ಯಾಕ್ ಬೇಡ, ಎಪ್ಪತ್ತರಲ್ಲೂ ಬೆಟ್ಟ ಹತ್ತುವ ಹಾಗಿದ್ದರೆ ಸಾಕು. ಎಲ್ಲಿಂದ ಶುರು ಮಾಡಲಿ? 71 ವರ್ಷದ ಅಪ್ಪನನ್ನೂ ಜೊತೆಗೆ ಸೇರಿಸಿಕೊಳ್ಳಬಹುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಫಿಸಿಯೋಥೆರಪಿಸ್ಟ್ ಆಗಿ ಇಪ್ಪತ್ತು ವರ್ಷದಿಂದ ಇಂಥ ಮಂಡಿಗಳನ್ನೇ ನೋಡುತ್ತಿದ್ದೇನೆ. ನಿಮಗೆ ಛಲ ಕಡಿಮೆ ಇಲ್ಲ. ಛಲ ಇಲ್ಲದವರು ಮೂರನೇ ಸಲ ಜಿಮ್ ಬಾಗಿಲಿಗೆ ಹೋಗುವುದಿಲ್ಲ. ನಿಮ್ಮ ತೊಂದರೆ ವೇಗದ್ದು, ಅದೂ ಶುರುವಿನ ವೇಗದ್ದು.

ದೇಹದ ಎಲ್ಲ ಭಾಗವೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ. ದಿನಾ ಬಿರುಸಾಗಿ ನಡೆದರೆ ಎರಡು ಮೂರು ವಾರಕ್ಕೇ ಏದುಸಿರು ಕಡಿಮೆಯಾಗುತ್ತದೆ, ಹೃದಯ ಮತ್ತು ಶ್ವಾಸಕೋಶ ಬೇಗ ಹೊಂದಿಕೊಳ್ಳುತ್ತವೆ. ಸ್ನಾಯುಗಳಿಗೆ ಒಂದೂವರೆ ಎರಡು ತಿಂಗಳು ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟಿ ಹಿಡಿಯುವ ಹುರಿ ಇದೆಯಲ್ಲ, ಡಾಕ್ಟರುಗಳು ಟೆಂಡನ್ ಅನ್ನುತ್ತಾರೆ, ಅದಕ್ಕೆ ಮೂರು ತಿಂಗಳಾದರೂ ಬೇಕು. ಮೂಳೆಯದ್ದೂ ಅದೇ ಕತೆ. ಮೂರನೇ ವಾರಕ್ಕೆ ನಿಮಗೆ ಬೆಟ್ಟ ಹತ್ತುವುದು ಸಲೀಸು ಅನ್ನಿಸಿದ್ದು ಸುಳ್ಳಲ್ಲ. ಉಸಿರು ತಯಾರಾಗಿತ್ತು, ಮಂಡಿ ಇನ್ನೂ ತಯಾರಾಗಿರಲಿಲ್ಲ. ಎತ್ತಿನ ಗಾಡಿಯಲ್ಲಿ ಒಂದು ಎತ್ತು ಜೋರಾಗಿ ಎಳೆದು ಇನ್ನೊಂದು ಹಿಂದೆ ಬಿದ್ದರೆ ನೊಗ ಓರೆಯಾಗುತ್ತದೆ. ನಿಧಾನದ ಎತ್ತಿಗೆ ತಕ್ಕ ಹಾಗೆ ಗಾಡಿ ಹೊಡೆಯಬೇಕು. ನಾನು ಮುಂದೆ ಹೇಳುವುದೆಲ್ಲ ಇದೇ ಲೆಕ್ಕದ ಮೇಲೆ ನಿಂತಿದೆ.

ಮೊದಲು ಆ 200 ಬಸ್ಕಿಯ ವಿಷಯ ಹೇಳಲೇಬೇಕು, ಏಕೆಂದರೆ ನೀವು ಅದನ್ನು ಮೈಕೈ ನೋವು ಅಂತ ಮಾತ್ರ ಅಂದುಕೊಂಡಿದ್ದೀರಿ. ಕೆಲವು ವರ್ಷದ ಹಿಂದೆ ಕಾಲೇಜು ಹುಡುಗನೊಬ್ಬ ಅಣ್ಣನ ಹೆಗಲು ಹಿಡಿದುಕೊಂಡು ನನ್ನ ಬಳಿ ಬಂದ. ಗೆಳೆಯರ ಜೊತೆ ಪಂದ್ಯ ಕಟ್ಟಿ 500 ಬಸ್ಕಿ ಹೊಡೆದಿದ್ದ. ಅದಕ್ಕೆ ಮುಂಚೆ ಆರು ತಿಂಗಳು ಮೈ ಬಗ್ಗಿಸಿರಲಿಲ್ಲ. ತೊಡೆ ಮಸಾಜ್ ಮಾಡಿಸಲು ಬಂದಿದ್ದ. ತೊಡೆ ಊದಿ ಕಲ್ಲಿನಂತಾಗಿತ್ತು. ಮೂತ್ರದ ಬಣ್ಣ ಹೇಗಿದೆ ಅಂತ ಕೇಳಿದೆ. "ಕಪ್ಪು ಟೀ ಥರ ಇದೆ ಸಾರ್" ಅಂದ. ಮಸಾಜ್ ಮಾಡಲಿಲ್ಲ, ಆಟೋ ಹತ್ತಿಸಿ ನೇರ ಆಸ್ಪತ್ರೆಗೆ ಕಳಿಸಿದೆ. ಐದು ದಿನ ಡ್ರಿಪ್ ಹಾಕಿದ್ದರು. ಅಭ್ಯಾಸ ಇಲ್ಲದ ಸ್ನಾಯುವನ್ನು ಅತಿಯಾಗಿ ದುಡಿಸಿದರೆ ಅದರ ಎಳೆಗಳು ಒಡೆದು ಒಳಗಿನ ವಸ್ತು ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸಲು ಹೋಗಿ ಕಿಡ್ನಿ ಕೆಡಬಹುದು. ಇದಕ್ಕೆ ರಾಬ್ಡೋಮಯೋಲಿಸಿಸ್ ಅನ್ನುತ್ತಾರೆ. ಹೆಸರು ನೆನಪಿರಬೇಕಾಗಿಲ್ಲ. ಕಠಿಣ ವ್ಯಾಯಾಮ ಮಾಡಿದ ಒಂದೆರಡು ದಿನದಲ್ಲಿ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಸ್ನಾಯು ಊದಿ ಶಕ್ತಿಯೇ ಇಲ್ಲದಂತಾದರೆ ಮನೆಮದ್ದು ಮಾಡುತ್ತಾ ಕೂರಬಾರದು. ಇಷ್ಟು ನೆನಪಿಟ್ಟರೆ ಸಾಕು.

ಮೊದಲ ದಿನವೇ ಹೊಸಬರ ಮೈ ಹಣ್ಣು ಮಾಡಿ ಕಳಿಸುವುದನ್ನು ಕೆಲವು ಟ್ರೈನರುಗಳು ಹೆಮ್ಮೆ ಅಂದುಕೊಂಡಿದ್ದಾರೆ. ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತದೆ. ನಮ್ಮೂರಿನ ಗರಡಿಗಳಲ್ಲಿ ಈ ತಪ್ಪು ನಾನು ನೋಡಿಲ್ಲ. ಚಿಕ್ಕವನಿದ್ದಾಗ ಸೋದರಮಾವ ನನ್ನನ್ನು ಗರಡಿಗೆ ಕರೆದುಕೊಂಡು ಹೋಗುತ್ತಿದ್ದರು. ಕೆಂಪು ಮಣ್ಣಿನ ವಾಸನೆ, ಮೂಲೆಯಲ್ಲಿ ಗದೆ, ಗೋಡೆಯ ಮೇಲೆ ಆಂಜನೇಯ. ಮೊದಲ ವಾರ ಉಸ್ತಾದರು ನನಗೆ ಹೇಳಿದ್ದು ಐದು ದಂಡ, ಹತ್ತು ಬಸ್ಕಿ. ಅಷ್ಟೇನಾ ಅಂತ ಮುಖ ಸಣ್ಣ ಮಾಡಿದೆ. "ಹಸಿವು ಉಳಿಸ್ಕೊಂಡು ಹೋಗು, ನಾಳೆ ಬರ್ತೀಯ" ಅಂದರು. ಕುಸ್ತಿಯ ಪಟ್ಟು ಕಲಿಸಲು ಶುರು ಮಾಡಿದ್ದು ಎಷ್ಟೋ ತಿಂಗಳಾದ ಮೇಲೆ. ಇವತ್ತು ನನ್ನ ಬಳಿ ಬರುವ ಪ್ರತಿಯೊಬ್ಬರಿಗೂ ನಾನು ಹೇಳುವುದು ಅದನ್ನೇ. ವ್ಯಾಯಾಮ ಮುಗಿದಾಗ ಇನ್ನೂ ಮೂರು ನಾಲ್ಕು ಸಲ ಮಾಡಬಹುದಿತ್ತು ಅನ್ನಿಸಬೇಕು. ಹಾಗಿದ್ದರೆ ಆ ದಿನದ ಲೆಕ್ಕ ಸರಿ ಇದೆ.

ಈಗ ಮಂಡಿಗೆ ಬರೋಣ. ಕೈಯಿಟ್ಟು ನೋಡದೆ ಖಚಿತವಾಗಿ ಹೇಳಲು ಆಗುವುದಿಲ್ಲ. ಆದರೆ ಇಳಿಯುವಾಗ ಮುಂಭಾಗದಲ್ಲಿ ನೋವು, ತುಂಬಾ ಹೊತ್ತು ಕೂತು ಎದ್ದಾಗ ನೋವು, ಹತ್ತುವಾಗ ಕಡಿಮೆ. ಈ ಮೂರೂ ಸೇರಿದರೆ ಹೆಚ್ಚಾಗಿ ಮಂಡಿಚಿಪ್ಪಿನ ಹಿಂದೆ ಭಾರ ಜಾಸ್ತಿ ಬೀಳುತ್ತಿದೆ ಅಂತ ಅರ್ಥ. ಮಂಡಿ ಸವೆದುಹೋಗಿದೆ ಅಂತ ಈಗಲೇ ಎದೆಗುಂದಬೇಡಿ. ಮಂಡಿ ಊದಿದ್ದರೆ, ಮಡಚಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ, ನಡೆಯುವಾಗ ಇದ್ದಕ್ಕಿದ್ದಂತೆ ಕೈಕೊಟ್ಟರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಮಾತ್ರ ಮೊದಲು ಮೂಳೆ ಡಾಕ್ಟರನ್ನು ನೋಡಿ, ಆಮೇಲೆ ಇದನ್ನು ಮುಂದುವರಿಸಿ.

ಇಳಿಯುವಾಗ ಏನಾಗುತ್ತದೆ ಅಂತ ಒಂದು ಸಲ ಗಮನಿಸಿ. ಬಲಗಾಲು ಮೇಲಿನ ಮೆಟ್ಟಿಲಲ್ಲಿದೆ, ಎಡಗಾಲು ಕೆಳಗೆ ಹೋಗುತ್ತಿದೆ. ಎಡ ಪಾದ ನೆಲ ಮುಟ್ಟುವ ತನಕ ನಿಮ್ಮ 78 ಕೆ.ಜಿ.ಯನ್ನು ನಿಧಾನವಾಗಿ ಇಳಿಸುತ್ತಿರುವುದು ಮುಖ್ಯವಾಗಿ ಬಲತೊಡೆಯ ಮುಂಭಾಗದ ಸ್ನಾಯು. ಬಾವಿಯಿಂದ ತುಂಬಿದ ಕೊಡ ಸೇದುವಾಗ ಹಗ್ಗ ಹಿಡಿಯುವುದು ಒಂದು ಥರ, ಅದೇ ಕೊಡವನ್ನು ಜಾರದಂತೆ ನಿಧಾನವಾಗಿ ಇಳಿಬಿಡುವುದು ಇನ್ನೊಂದು ಥರ. ಸ್ನಾಯು ಬಿಗಿ ಹಿಡಿದುಕೊಂಡೇ ಉದ್ದವಾಗಬೇಕು. ಇಳಿಯುವಾಗ ಏದುಸಿರು ಬರುವುದಿಲ್ಲ, ಹಾಗಾಗಿ ಸುಲಭ ಅನ್ನಿಸುತ್ತದೆ. ಆದರೆ ಸ್ನಾಯುಗಳಿಗೆ ಜಾಸ್ತಿ ಏಟು ಬೀಳುವುದು ಇಳಿಯುವಾಗಲೇ. ಚಾಮುಂಡಿ ಬೆಟ್ಟದಲ್ಲಿ ಇದು ಸಾವಿರ ಮೆಟ್ಟಿಲಿನಷ್ಟು ಸಲ ನಡೆಯುತ್ತದೆ. ನೀವು ವಿರಾಮವೇ ಇಲ್ಲದೆ ದಿನಾ ಮಾಡಿದಿರಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕನ್ನಡಿ ಮುಂದೆ ಕೂರುವ ಮಣೆಯಷ್ಟು ಎತ್ತರದ ಮೆಟ್ಟಿಲ ಮೇಲೆ ನಿಲ್ಲಿ. ಒಂದು ಕಾಲನ್ನು ಮುಂದೆ ಚಾಚಿ ನಿಧಾನವಾಗಿ, ಮೂರು ಎಣಿಸುತ್ತಾ, ಹಿಮ್ಮಡಿ ನೆಲ ಸೋಕುವ ತನಕ ಇಳಿಸಿ. ನಿಂತ ಕಾಲಿನ ಮಂಡಿಯನ್ನು ನೋಡಿ. ಅದು ಪಾದದ ಎರಡನೇ ಬೆರಳಿನ ನೇರಕ್ಕೆ ಇದೆಯಾ, ಅಥವಾ ಒಳಗೆ ಇನ್ನೊಂದು ಕಾಲಿನ ಕಡೆ ವಾಲುತ್ತಿದೆಯಾ? ಕೂತು ಕೆಲಸ ಮಾಡುವವರಲ್ಲಿ ತುಂಬಾ ಜನರಿಗೆ ಒಳಗೆ ವಾಲುತ್ತದೆ. ಸೊಂಟದ ಪಕ್ಕದ ಸ್ನಾಯುಗಳು ಸೋತಿರುವುದರ ಗುರುತು ಅದು. ಹಾಗಾಗಿ ಮಂಡಿ ನೋವಿಗೆ ಮಂಡಿಗೆ ಎಣ್ಣೆ ತಿಕ್ಕಿದರೆ ಸಾಲದು, ತೊಡೆ ಮತ್ತು ಸೊಂಟವನ್ನು ಗಟ್ಟಿ ಮಾಡಬೇಕು.

ಎರಡು ತಿಂಗಳು ಎಲ್ಲ ನಿಲ್ಲಿಸಿದಿರಿ ಅಂದಿರಿ. ನಮ್ಮ ಜನಕ್ಕೆ ನೋವು ಅಂದ ತಕ್ಷಣ ಬರುವ ಸಲಹೆ ಅದು: "ಸುಮ್ನೆ ರೆಸ್ಟ್ ತಗೊಳ್ಳಿ." ಹಿಂದೆ ಡಾಕ್ಟರುಗಳೂ ಹೀಗೇ ಹೇಳುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೇನಾ ಆಸ್ಪತ್ರೆಗಳು ಗಾಯಗೊಂಡ ಸೈನಿಕರಿಂದ ತುಂಬಿದ್ದವು. ಮಂಡಿಯ ಆಪರೇಷನ್ ಆದವರ ತೊಡೆ ಕರಗಿ ಹೋಗುತ್ತಿತ್ತು. ಥಾಮಸ್ ಡಿಲಾರ್ಮ್ ಎಂಬ ಸೇನಾ ವೈದ್ಯರು ಧೈರ್ಯ ಮಾಡಿ ಅವರಿಂದ ಭಾರ ಎತ್ತಿಸಿದರು. ಸ್ವಲ್ಪದಿಂದ ಶುರು, ತಾಕತ್ತು ಬಂದ ಹಾಗೆ ಭಾರ ಹೆಚ್ಚು. 1945ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಇವತ್ತು ಜಿಮ್ಮಿನಲ್ಲಿ ಹತ್ತತ್ತರ ಮೂರು ಸೆಟ್ ಅನ್ನುತ್ತಾರಲ್ಲ, ಅದು ಬಳಕೆಗೆ ಬಂದದ್ದು ಬಹುಮಟ್ಟಿಗೆ ಅವರ ಕೆಲಸದಿಂದ. ಅಂದರೆ ಈ ವಿದ್ಯೆ ಹುಟ್ಟಿದ್ದೇ ನೋಯುವ ಮಂಡಿಗಳಿಗಾಗಿ.

ಹಾಗಾದರೆ ನೋವಿದ್ದಾಗ ಎಷ್ಟು ಮಾಡಬಹುದು? ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಮಾಡುವಾಗ ಮೂರರ ಒಳಗಿದ್ದು, ಮಾರನೇ ದಿನ ಬೆಳಿಗ್ಗೆ ಏಳುವ ಹೊತ್ತಿಗೆ ಎಂದಿನ ಮಟ್ಟಕ್ಕೆ ಬಂದಿದ್ದರೆ ಅದೇ ಪ್ರಮಾಣ ಮುಂದುವರಿಸಿ. ಬೆಳಿಗ್ಗೆ ಜಾಸ್ತಿ ಆಗಿದ್ದರೆ ನಿನ್ನೆಯದು ಜಾಸ್ತಿ ಆಯಿತು ಅಂತ ಲೆಕ್ಕ. ಪೂರ್ತಿ ನಿಲ್ಲಿಸಬೇಡಿ, ಕಾಲು ಭಾಗ ಕಡಿಮೆ ಮಾಡಿ. ತೊಡೆ, ಮೀನಖಂಡಗಳಲ್ಲಿ ಒಂದೆರಡು ದಿನ ಇರುವ ಬಿಗಿತ ಬೇರೆ, ಅದು ಹೊಸಬರಿಗೆಲ್ಲ ಸಹಜ. ಕೀಲಿನಲ್ಲಿ ಚುಚ್ಚಿದ ಹಾಗಾಗುವ ನೋವು ಬೇರೆ. ಈ ವ್ಯತ್ಯಾಸ ಒಂದು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತದೆ.

ಇನ್ನು ನಿಮ್ಮ ಮನೆಯವರ ಭಯ. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ನಾಡಿಗೆ ಮನೆಯವರೇ ಹೋದ ಹಾಗಾಯಿತು. ಅದರ ನಂತರ ನನ್ನ ಬಳಿಯೂ ಎಷ್ಟೋ ಜನ ಕೇಳಿದರು, ವ್ಯಾಯಾಮ ಬಿಟ್ಟುಬಿಡೋಣವಾ ಅಂತ. ಆ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಅಪರೂಪಕ್ಕೆ ಒಂದು ದಿನ ಏಕಾಏಕಿ ವಿಪರೀತ ಶ್ರಮ ಪಟ್ಟರೆ, ಒಳಗೆ ರಕ್ತನಾಳದ ತೊಂದರೆ ಇದ್ದವರಿಗೆ ಆ ಹೊತ್ತಿನಲ್ಲಿ ಅಪಾಯ ಹೆಚ್ಚುವುದು ನಿಜ. ಆದರೆ ದಿನಾ ಹದವಾಗಿ ಮೈ ದಂಡಿಸುವವರಿಗೆ ಆ ಅಪಾಯ ತುಂಬಾ ಕಡಿಮೆ. ಸುಮ್ಮನೆ ಕೂತವರ ಹೃದಯ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಸಾಕ್ಷಿ ಇದೆ. 1953ರಲ್ಲಿ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿದರು. ಬಸ್ಸು ಒಂದೇ, ರಸ್ತೆ ಒಂದೇ. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ಟಿಕೆಟ್ ಕೊಡುತ್ತಾ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಆ ಕಂಡಕ್ಟರುಗಳು ಮಾಡುತ್ತಿದ್ದದ್ದು ದಿನಾ ಒಂದಿಷ್ಟು, ವರ್ಷಗಟ್ಟಲೆ, ಹೊಟ್ಟೆಪಾಡಿನ ಕೆಲಸ. ಜಿಮ್ ಮೆಂಬರ್‌ಶಿಪ್ ಯಾರಿಗೂ ಇರಲಿಲ್ಲ.

ನಿಮಗೆ 44 ಆಗಿದೆ, ಕೂತು ಮಾಡುವ ಕೆಲಸ. ಶುರು ಮಾಡುವ ಮುನ್ನ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ಕಾಯಿಲೆ ಬಂದಿದ್ದರೆ ಡಾಕ್ಟರಿಗೆ ಅದನ್ನು ಮೊದಲು ಹೇಳಿ. ಶ್ರಮ ಪಡುವಾಗ ಎದೆ ಹಿಂಡಿದ ಹಾಗಾದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ, ಕಣ್ಣು ಕತ್ತಲೆ ಬಂದರೆ, ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ ಇರಬಹುದು ಅಂತ ಜೀರಿಗೆ ನೀರು ಕುಡಿದು ಕಾಯಬಾರದು. ಜ್ವರ ಇದ್ದಾಗ ವ್ಯಾಯಾಮ ಬೇಡವೇ ಬೇಡ.

ಈಗ ಏನು ಮಾಡಬೇಕು ಅಂತ ಹೇಳುತ್ತೇನೆ. ಮೊದಲ ತಿಂಗಳು ಬೆಟ್ಟ ಬೇಡ. ವಾರಕ್ಕೆ ಐದು ದಿನ ಸಮತಟ್ಟಾದ ಕಡೆ 20 ನಿಮಿಷ ನಡೆಯಿರಿ. ಕುಕ್ಕರಹಳ್ಳಿ ಕೆರೆ ಏರಿ ಇದೆಯಲ್ಲ, ಮಣ್ಣಿನ ದಾರಿ, ನೆರಳೂ ಇದೆ. ವೇಗ ಎಷ್ಟಿರಬೇಕು ಅಂದರೆ ಜೊತೆಗಿದ್ದವರ ಹತ್ತಿರ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಕೈಗೆ ಕಟ್ಟುವ ವಾಚಿಗಿಂತ ಈ ಅಳತೆ ಮೇಲು ಅಂತ ನನ್ನ ಅನುಭವ. ಪ್ರತಿ ವಾರ ಎರಡು ಮೂರು ನಿಮಿಷ ಸೇರಿಸುತ್ತಾ ಹೋದರೆ ಮೂರನೇ ತಿಂಗಳಿಗೆ ದಿನಕ್ಕೆ ಅರ್ಧ ಗಂಟೆ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಹದವಾದ ಶ್ರಮ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ನಮ್ಮಲ್ಲಿ ವಾಕಿಂಗ್ ಹೋಗುವವರು ಈ ಎರಡನೆಯದನ್ನು ಪೂರಾ ಬಿಟ್ಟುಬಿಡುತ್ತಾರೆ. ಮೂವತ್ತು ದಾಟಿದ ಮೇಲೆ ಸ್ನಾಯು ಸ್ವಲ್ಪ ಸ್ವಲ್ಪವಾಗಿ ಕರಗುತ್ತಾ ಹೋಗುತ್ತದೆ, ನಡಿಗೆಯೊಂದರಿಂದ ಅದು ನಿಲ್ಲುವುದಿಲ್ಲ. ಎಪ್ಪತ್ತರಲ್ಲಿ ಬೆಟ್ಟ ಹತ್ತಬೇಕು ಅನ್ನುವ ನಿಮಗೆ ಈ ಎರಡು ದಿನವೇ ಮುಖ್ಯ.

ಅದಕ್ಕೆ ಸದ್ಯಕ್ಕೆ ಮನೆ ಸಾಕು. ಗಟ್ಟಿಯಾದ ಕುರ್ಚಿಯಲ್ಲಿ ಕೂತು, ಕೈ ಎದೆಗೆ ಕಟ್ಟಿ, ಏಳಿ. ಕೂರುವಾಗ ಧೊಪ್ಪನೆ ಬೀಳದೆ ಮೂರು ಎಣಿಸುತ್ತಾ ಕೂತುಕೊಳ್ಳಿ. ಎಂಟು ಸಲ, ಒಂದೆರಡು ನಿಮಿಷ ಬಿಡುವು, ಮತ್ತೆ ಎಂಟು. ಕುರ್ಚಿ ತಗ್ಗಾಗಿದ್ದು ಮಂಡಿ ನೋಯ್ದರೆ ಮೇಲೆ ದಿಂಬು ಹಾಕಿಕೊಳ್ಳಿ. ಗೋಡೆಗೆ ಕೈಯಿಟ್ಟು ದಂಡ, ಆಮೇಲೆ ಅಡುಗೆಮನೆ ಕಟ್ಟೆ ಹಿಡಿದು, ನಾಲ್ಕು ತಿಂಗಳಾದ ಮೇಲೆ ನೆಲಕ್ಕೆ. ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು ಹತ್ತು ಸಲ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದು, ಎರಡೂ ಕಡೆ ಹತ್ತತ್ತು. ಹಿಮ್ಮಡಿ ಎತ್ತಿ ನಿಲ್ಲುವುದು. ಕೊನೆಗೆ ಎರಡೂ ಕೈಯಲ್ಲಿ ಐದೈದು ಕೆ.ಜಿ. ಅಕ್ಕಿ ಚೀಲ ಹಿಡಿದು ವರಾಂಡದಲ್ಲಿ ಒಂದು ನಿಮಿಷ ನಡೆಯುವುದು. ಎಲ್ಲ ಸೇರಿ 25 ನಿಮಿಷ. ಈ ಎರಡು ದಿನಗಳ ನಡುವೆ ಎರಡು ದಿನದ ಅಂತರ ಇರಲಿ.

ಎರಡನೇ ತಿಂಗಳು ಆ ಮೆಟ್ಟಿಲ ಪರೀಕ್ಷೆಯನ್ನೇ ವ್ಯಾಯಾಮವಾಗಿ ಸೇರಿಸಿ, ಒಂದೊಂದು ಕಾಲಿಗೆ ಆರು ಸಲ. ನೋವು ಮೂರರ ಒಳಗೇ ಇದ್ದರೆ ಆ ತಿಂಗಳ ಕೊನೆಗೆ ವಾರಕ್ಕೊಂದು ದಿನ ಬೆಟ್ಟ. ನಂದಿಯವರೆಗೂ ಬೇಡ, ಅರ್ಧಕ್ಕೇ ನಿಲ್ಲಿ. ಅಲ್ಲಿಂದ ಇಳಿಯುವಾಗ ಅವಸರ ಬೇಡ, ಪಕ್ಕದಲ್ಲಿ ಕಂಬಿ ಸಿಕ್ಕ ಕಡೆ ಹಿಡಿದುಕೊಳ್ಳಿ. ಮೂರನೇ ತಿಂಗಳಿಂದ ಪೂರ್ತಿ ಹತ್ತಿ, ದೇವಿಗೆ ಕೈಮುಗಿದು, ಇಳಿಯಲು ಸಿಟಿ ಬಸ್ ಹಿಡಿಯಿರಿ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ನಿಮ್ಮ ಮಂಡಿಗೆ ಹತ್ತುವುದರಿಂದ ಲಾಭ, ಇಳಿಯುವುದಕ್ಕೆ ಅದು ಇನ್ನೂ ತಯಾರಾಗಬೇಕು. ಐದಾರು ತಿಂಗಳಾದ ಮೇಲೆ ಇಳಿಯುವುದನ್ನೂ ಸ್ವಲ್ಪ ಸ್ವಲ್ಪ ಸೇರಿಸಬಹುದು. ಆಗಲೂ ಬೆಟ್ಟ ವಾರಕ್ಕೆ ಎರಡು ದಿನಕ್ಕಿಂತ ಜಾಸ್ತಿ ಬೇಡ.

ಪ್ರತಿ ನಾಲ್ಕನೇ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ. ಜನ ಕೇಳದೇ ಇರುವುದು ಈ ಮಾತನ್ನೇ. ಚೆನ್ನಾಗಿ ನಡೆಯುತ್ತಿದೆ, ಯಾಕೆ ಕಡಿಮೆ ಮಾಡಬೇಕು ಅನ್ನುತ್ತಾರೆ. ದೇಹ ಗಟ್ಟಿಯಾಗುವುದು ವ್ಯಾಯಾಮ ಮಾಡುವಾಗ ಅಲ್ಲ, ಮಾಡಿದ ಮೇಲೆ ಉಂಡು ಮಲಗಿದಾಗ. ರಾತ್ರಿ ಹನ್ನೆರಡರವರೆಗೆ ಫೋನ್ ನೋಡಿ ಬೆಳಿಗ್ಗೆ ಐದಕ್ಕೆ ಎದ್ದು ಬೆಟ್ಟಕ್ಕೆ ಹೋಗುವವರಿಗೆ ನಾನು ಹೇಳುವುದು, ಆ ದಿನ ಇನ್ನೊಂದು ಗಂಟೆ ಮಲಗಿ ಅಂತ.

ಊಟದ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಮತ್ತೆ ಜಿಮ್ ಸೇರಿದ ದಿನ ಯಾರಾದರೂ ಪುಡಿ ಡಬ್ಬಿ ಮಾರಲು ಬರಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ನಿಮಗೆ ಸುಮಾರು 65 ಗ್ರಾಂ ಆಯಿತು, ವ್ಯಾಯಾಮ ಮಾಡುವವರಿಗೆ ಇನ್ನೂ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು. 50 ಗ್ರಾಂ ಹೆಸರುಕಾಳಿನ ಉಸಲಿಯಲ್ಲಿ 12 ಗ್ರಾಂ, ಎರಡು ಮೊಟ್ಟೆಯಲ್ಲಿ ಮತ್ತೆ 12, ಹುರುಳಿಕಾಳಿನ ಸಾರಿನಲ್ಲಿ ಕಾಳು ಸಮೇತ ತಿಂದರೆ ಹತ್ತರ ಹತ್ತಿರ, ಒಂದು ಲೋಟ ಹಾಲು ಅಥವಾ ಬಟ್ಟಲು ಮೊಸರಿನಲ್ಲಿ ಆರೇಳು, ಒಂದು ಹಿಡಿ ಕಡಲೆಕಾಯಿಯಲ್ಲಿ ಏಳು. ಉಳಿದದ್ದು ಮುದ್ದೆ, ಅನ್ನ, ಚಪಾತಿಯಿಂದ ಬರುತ್ತದೆ. ತೊಂದರೆ ಏನೆಂದರೆ ನಾವು ಸಾರಿನ ತಿಳಿ ಬಡಿಸಿಕೊಂಡು ಕಾಳನ್ನು ಪಾತ್ರೆಯಲ್ಲೇ ಬಿಡುತ್ತೇವೆ. ಸೌಟು ತಳಕ್ಕೆ ಹೋಗಲಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ನಡುವೆ ತಪ್ಪುತ್ತದೆ. ಆಡಿಟ್ ಬರುತ್ತದೆ, ಮದುವೆ ಬರುತ್ತದೆ, ಜ್ವರ ಬರುತ್ತದೆ. ಮೂರು ಸಲ ಬಿಟ್ಟಾಗಲೂ ನಿಮಗೆ ಆಗಿದ್ದು ಇದೇ ಇರಬೇಕು. ಹತ್ತು ದಿನ ತಪ್ಪಿತು, ವಾಪಸ್ ಹೋದಾಗ ಹಳೆಯ ಭಾರವನ್ನೇ ಎತ್ತಲು ಹೋಗಿ ಮೈ ನೊಂದಿತು, ಮನಸ್ಸೂ ನೊಂದಿತು. ವಾರ ತಪ್ಪಿದರೆ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಿ. ಎರಡು ಮೂರು ವಾರ ತಪ್ಪಿದರೆ ಅರ್ಧದಿಂದ. ಒಮ್ಮೆ ಗಳಿಸಿದ ತಾಕತ್ತು ಎರಡನೇ ಸಲ ಬೇಗ ಮರಳಿ ಬರುತ್ತದೆ. ತುಂಬಾ ಕೆಲಸ ಇರುವ ದಿನ ಕುರ್ಚಿಯಿಂದ ಎಂಟು ಸಲ ಎದ್ದು ಕೂತರೂ ಅದನ್ನು ಡೈರಿಯಲ್ಲಿ ಬರೆಯಿರಿ.

ಇನ್ನು ನಿಮ್ಮ ತಂದೆಯವರು. ಖಂಡಿತ ಸೇರಿಸಿಕೊಳ್ಳಿ, ಅವರ ಡಾಕ್ಟರಿಗೆ ಒಂದು ಮಾತು ಹೇಳಿ. ಬಿಪಿ, ಸಕ್ಕರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ನಡೆಸಬೇಡಿ, ಸಕ್ಕರೆ ಇದ್ದಕ್ಕಿದ್ದಂತೆ ಇಳಿದರೆ ತಿನ್ನಲು ಜೇಬಿನಲ್ಲಿ ಎರಡು ಬೆಲ್ಲದ ಚೂರು ಇರಲಿ. ಅವರಿಗೆ ಮೆಟ್ಟಿಲಿನ ಬೆಟ್ಟ ಬೇಡ, ಕೆರೆ ಏರಿ ಸಾಕು. 65 ದಾಟಿದವರು ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಮಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದವರು ಮತ್ತೆ ಮೊದಲಿನಂತೆ ಓಡಾಡುವುದು ಎಷ್ಟು ಕಷ್ಟ ಅಂತ ನಾನು ವಾರ ವಾರ ನೋಡುತ್ತೇನೆ. ಅಡುಗೆಮನೆ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಕಾಲಿನ ಮೇಲೆ ಹತ್ತು ಎಣಿಸುವಷ್ಟು ಹೊತ್ತು ನಿಲ್ಲಲಿ, ಆಮೇಲೆ ಇನ್ನೊಂದು ಕಾಲು. ಅಭ್ಯಾಸವಾದ ಮೇಲೆ ಒಂದು ಕೈ, ಆಮೇಲೆ ಎರಡು ಬೆರಳು. ಕುರ್ಚಿಯಿಂದ ಏಳುವ ವ್ಯಾಯಾಮವನ್ನು ನೀವಿಬ್ಬರೂ ಒಟ್ಟಿಗೇ ಮಾಡಬಹುದು. ಅವರಿಗೆ ಐದು, ನಿಮಗೆ ಎಂಟು. ಮೊದಲ ಕೆಲವು ವಾರ ನೀವು ಅವರ ಪಕ್ಕದಲ್ಲೇ ನಿಂತಿರಿ.